ಒಂದೇ ಸಾಲಲ್ಲಿ ರಿಕ್ವೆಸ್ಟ್: ಕರ್ಲ್‌ನಿಂದ ಜೀಡಿಮೆಟ್ಲಾದ ಮೀಟರ್ ಪೆಟ್ಟಿಗೆವರೆಗೆ

ಹೈದರಾಬಾದಿನಲ್ಲಿರೋ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಕೂಕಟ್‌ಪಲ್ಲಿ, ನಿಜಾಂಪೇಟ್, ಬಾಚುಪಲ್ಲಿ ಕಡೆ ಮನೆ ಮಾಡಿದ್ದೀರಿ. ಕೆಲಸ ಮಾತ್ರ ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆ. ಬೆಳಿಗ್ಗೆ ಎದ್ದು ಎಲ್ಲರೂ ಆ ದಿಕ್ಕಿಗೇ ಓಡ್ತೀವಿ. ಬೆನ್ನ ಹಿಂದೆ ಇರೋ ಜೀಡಿಮೆಟ್ಲಾ ಕಡೆ ಯಾರೂ ತಿರುಗಿ ನೋಡಲ್ಲ. ಇವತ್ತು ಆ ಕಡೆ ಹೋಗೋಣ. ಹೋಗೋ ದಾರಿ ಮಾತ್ರ ಸ್ವಲ್ಪ ಸುತ್ತು, ಸ್ವೀಡನ್ ಮೇಲಿಂದ.

ವಿಷಯ ಏನಪ್ಪಾ ಅಂದ್ರೆ, ನಾವೆಲ್ಲ ಒಂದಲ್ಲ ಒಂದು ದಿನ ಬರೆದಿರೋ ಒಂದು ಸಾಲು. ಕೋಡ್‌ನಿಂದ ವೆಬ್ ರಿಕ್ವೆಸ್ಟ್ ಕಳಿಸೋ ಸಾಲು. ಪೈಥಾನ್ ಆದ್ರೆ ರಿಕ್ವೆಸ್ಟ್ಸ್, ಜಾವಾಸ್ಕ್ರಿಪ್ಟ್ ಆದ್ರೆ ಫೆಚ್ ಅಥವಾ ಆಕ್ಸಿಯೋಸ್, ಟರ್ಮಿನಲ್‌ನಲ್ಲಿ ಕರ್ಲ್. ಒಂದು ವಿಳಾಸ ಕೊಡ್ತೀವಿ, ಡೇಟಾ ಕೊಡ್ತೀವಿ, ಕೆಲಸ ಮುಗೀತು ಅಂದ್ಕೋತೀವಿ. ವಿಡಿಯೋದಲ್ಲಿ ಪರದೆ ಮೇಲೆ ಕೋಡ್ ತೋರಿಸಿದ್ದೆ. ಇಲ್ಲಿ ಬಾಯಿಮಾತಲ್ಲೇ ಹೇಳ್ತೀನಿ.

ಈ ಸಾಲಿಗೆ ಸಾಮಾನ್ಯವಾಗಿ ಕೊಡೋ ಉದಾಹರಣೆ ಹವಾಮಾನ ವರದಿ ತರೋದು, ಇಲ್ಲಾಂದ್ರೆ ಕ್ರಿಕೆಟ್ ಸ್ಕೋರ್. ನನಗೆ ಜೀಡಿಮೆಟ್ಲಾದ ಉದಾಹರಣೆ ಇಷ್ಟ. ಅಲ್ಲಿಯ ಔಷಧ ಕಾರ್ಖಾನೆಯಲ್ಲಿ ತ್ಯಾಜ್ಯನೀರು ಹೊರಗೆ ಹೋಗೋ ಜಾಗದಲ್ಲಿ ಸೆನ್ಸರ್ ಇರುತ್ತೆ. ಸೆನ್ಸರ್ ಅಳೆದದ್ದನ್ನ ಒಂದು ಪೆಟ್ಟಿಗೆ ಓದುತ್ತೆ. ಆ ಪೆಟ್ಟಿಗೆ 15 ನಿಮಿಷದ ಸರಾಸರಿ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ಕಳಿಸುತ್ತೆ. ಹೇಗೆ ಕಳಿಸುತ್ತೆ? ನೀವು ಆಫೀಸಲ್ಲಿ ಬರೆಯೋ ಅದೇ ಥರದ ಒಂದು ರಿಕ್ವೆಸ್ಟ್.

ಆ ಪೆಟ್ಟಿಗೆ ಅಲ್ಲಿಗೆ ಯಾಕೆ ಬಂತು ಅಂತ ಮೊದಲು ನೋಡೋಣ. 1961ರಲ್ಲಿ ಕೇಂದ್ರ ಸರ್ಕಾರ ಐಡಿಪಿಎಲ್ ಅನ್ನೋ ಔಷಧ ಕಂಪನಿ ಶುರು ಮಾಡ್ತು. ಸೋವಿಯತ್ ನೆರವಿನಲ್ಲಿ ಕಟ್ಟಿದ ಅದರ ಸಿಂಥೆಟಿಕ್ ಔಷಧ ಕಾರ್ಖಾನೆ ಬಂದದ್ದು ಹೈದರಾಬಾದಿಗೆ, ಜೀಡಿಮೆಟ್ಲಾ ಪಕ್ಕದ ಬಾಲಾನಗರಕ್ಕೆ. ಆಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು. ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನ ತಯಾರಿಸೋ ವಿಧಾನಕ್ಕೆ ಮಾತ್ರ ಅಂತಾಯ್ತು. ಅಂದ್ರೆ ಬೇರೆ ವಿಧಾನ ಕಂಡುಹಿಡಿದವನು ಅದೇ ಔಷಧ ಮಾಡಬಹುದು. ಐಡಿಪಿಎಲ್‌ನಲ್ಲಿ ಕೆಲಸ ಕಲಿತವರು ಹೊರಬಂದು ತಮ್ಮದೇ ಕಾರ್ಖಾನೆ ಹಾಕಿದ್ರು. 1984ರಲ್ಲಿ ಡಾಕ್ಟರ್ ರೆಡ್ಡೀಸ್ ಕಟ್ಟಿದ ಅಂಜಿ ರೆಡ್ಡಿ ಕೂಡ ಅಲ್ಲಿ ಕೆಲಸ ಮಾಡಿ ಬಂದವರೇ. ಹೈದರಾಬಾದು ಬಲ್ಕ್ ಡ್ರಗ್ಸ್ ಊರಾಗಿದ್ದು ಹೀಗೆ. ಜೀಡಿಮೆಟ್ಲಾ ಅದರ ಅಡುಗೆಮನೆಗಳಲ್ಲಿ ಒಂದು.

ಅಡುಗೆಮನೆ ಅಂದ ಮೇಲೆ ಬಚ್ಚಲೂ ಬೇಕಲ್ಲ. ಈ ಭಾಗದ ಕೊಳೆ ಕೂಕಟ್‌ಪಲ್ಲಿ ನಾಲಾ ಹಿಡಿದು ಹುಸೇನ್ ಸಾಗರಕ್ಕೆ ಇಳೀತಿತ್ತು. 1562ರಲ್ಲಿ ಕುತುಬ್‌ಶಾಹಿಗಳ ಕಾಲದಲ್ಲಿ ಕಟ್ಟಿದ ಕೆರೆ ಅದು. 1980ರ ದಶಕದ ಕೊನೆಗೆ ಜೀಡಿಮೆಟ್ಲಾದಲ್ಲಿ ಸಾಮೂಹಿಕ ಶುದ್ಧೀಕರಣ ಘಟಕ ಬಂತು. ದೇಶದಲ್ಲಿ ಈ ಬಗೆಯ ಮೊದಮೊದಲ ಘಟಕಗಳಲ್ಲಿ ಅದೂ ಒಂದು. ಪ್ರತಿ ಸಣ್ಣ ಕಾರ್ಖಾನೆಗೂ ಸ್ವಂತ ಘಟಕ ಕಟ್ಟೋ ಶಕ್ತಿ ಇರಲ್ಲ. ಎಲ್ಲರ ನೀರನ್ನೂ ಒಂದು ಕಡೆ ತಂದು ಶುದ್ಧ ಮಾಡೋಣ ಅನ್ನೋ ಲೆಕ್ಕ.

ಸರಿ, ಶುದ್ಧ ಆಯ್ತೋ ಇಲ್ವೋ ಅಂತ ನೋಡೋರು ಯಾರು? ಇನ್‌ಸ್ಪೆಕ್ಟರ್ ಬರ್ತಾರೆ, ಬಾಟಲಿಯಲ್ಲಿ ನೀರು ತುಂಬ್ಕೊಂಡು ಹೋಗ್ತಾರೆ, ಲ್ಯಾಬ್ ವರದಿ ಬರುತ್ತೆ. ಅವರು ಬರೋ ದಿನದ ನೀರು ಬೇರೆ, ಬರದ ದಿನದ ನೀರು ಬೇರೆ ಇರಬಹುದು. 2014ರ ಫೆಬ್ರವರಿ 5ಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲ ರಾಜ್ಯ ಮಂಡಳಿಗಳಿಗೆ ಒಂದು ನಿರ್ದೇಶನ ಕಳಿಸ್ತು: ಅತಿ ಹೆಚ್ಚು ಮಾಲಿನ್ಯ ಮಾಡೋ 17 ಬಗೆಯ ಉದ್ಯಮಗಳು, ಜೊತೆಗೆ ಸಾಮೂಹಿಕ ಶುದ್ಧೀಕರಣ ಘಟಕಗಳು, ಸತತವಾಗಿ ಅಳೆಯೋ ಆನ್‌ಲೈನ್ ಮೀಟರ್ ಹಾಕಬೇಕು, ಡೇಟಾ ನೇರವಾಗಿ ಮಂಡಳಿಯ ಸರ್ವರ್‌ಗೆ ಬರಬೇಕು. ತೆಲಂಗಾಣ ರಾಜ್ಯ ಹುಟ್ಟೋಕೆ ಇನ್ನೂ ನಾಲ್ಕು ತಿಂಗಳಿತ್ತು. ಆ 17ರಲ್ಲಿ ಔಷಧವೂ ಇದೆ, ಸಿಮೆಂಟ್, ಸಕ್ಕರೆ, ಥರ್ಮಲ್ ವಿದ್ಯುತ್ ಕೂಡ ಇವೆ. ಹಾಗಾಗಿ ಇದು ಬರೀ ಹೈದರಾಬಾದಿನ ಕಥೆ ಅಲ್ಲ. ನಿಮ್ಮ ಊರು ಸೇಡಂ, ವಾಡಿ, ಶಕ್ತಿನಗರ, ಮಂಡ್ಯ ಕಡೆ ಇದ್ರೆ ಅಲ್ಲೂ ಇಂಥ ಪೆಟ್ಟಿಗೆಗಳೇ.

ತ್ಯಾಜ್ಯನೀರಿಗೆ ಮುಖ್ಯವಾಗಿ ಐದು ಅಳತೆ: ಪಿಎಚ್, ಬಿಒಡಿ, ಸಿಒಡಿ, ನೀರಲ್ಲಿ ತೇಲೋ ಕಣ, ಹರಿವು. ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಬೀದರ್ ಬಸ್ಸು ಹಾದು ಹೋಗೋ ಪಟಾನ್‌ಚೆರು ಇದೆಯಲ್ಲ, ಅಲ್ಲಿಯ ಸಾಮೂಹಿಕ ಘಟಕದಿಂದ ಹೊರಬರೋ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿದೆ ಅಂತ ಸ್ವೀಡನ್ನಿನ ಲಾರ್ಸನ್ ಮತ್ತು ಜೊತೆಯವರು 2007ರಲ್ಲಿ ಪ್ರಕಟಿಸಿದ್ರು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ. ಮೇಲಿನ ಐದು ಅಳತೆಯಲ್ಲಿ ಆ್ಯಂಟಿಬಯಾಟಿಕ್‌ಗೆ ಕಾಲಂ ಇಲ್ಲ. ರಿಕ್ವೆಸ್ಟ್ ಎಷ್ಟೇ ಚೆನ್ನಾಗಿ ಹೋಗಲಿ, ಕೇಳದೇ ಇರೋ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗಲ್ಲ. ಅದು ಬೇರೆಯೇ ಒಂದು ವಿಡಿಯೋ ಆಗೋಷ್ಟು ದೊಡ್ಡ ವಿಷಯ.

ಈಗ ಆ ಸಾಲಿನ ಇತಿಹಾಸಕ್ಕೆ ಬರೋಣ.

1991ರ ವೆಬ್‌ನಲ್ಲಿ ಲೈಬ್ರರಿಯೇ ಬೇಕಿರಲಿಲ್ಲ. ಆಮೇಲೆ ಎಚ್‌ಟಿಟಿಪಿ 0.9 ಅಂತ ಹೆಸರು ಬಿದ್ದ ಆ ಮೊದಲ ರೂಪದಲ್ಲಿ ರಿಕ್ವೆಸ್ಟ್ ಅಂದ್ರೆ ನಿಜಕ್ಕೂ ಒಂದೇ ಸಾಲು: ಗೆಟ್ ಅನ್ನೋ ಪದ, ಆಮೇಲೆ ದಾರಿ. ಟೆಲ್ನೆಟ್‌ನಲ್ಲಿ ಕೈಯಾರೆ ಟೈಪ್ ಮಾಡಿದ್ರೂ ಪುಟ ಬರ್ತಿತ್ತು. ಆದ್ರೆ ಗಮನಿಸಿ, ಅದರಲ್ಲಿ ಸ್ಟೇಟಸ್ ಕೋಡ್ ಇರಲಿಲ್ಲ. 200 ಇಲ್ಲ, 404 ಇಲ್ಲ, 500 ಇಲ್ಲ. ತಪ್ಪಾದ್ರೆ ತಪ್ಪಾಯ್ತು ಅಂತ ಇಂಗ್ಲಿಷಲ್ಲಿ ಬರೆದ ಪುಟವೇ ಬರ್ತಿತ್ತು. ಆ ಕಡೆ ಕೂತು ಓದೋನು ಮನುಷ್ಯ ಅಂತ ಎಲ್ಲರೂ ಅಂದ್ಕೊಂಡಿದ್ರು. 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ಕಾಗದಕ್ಕೆ ಬರೋ ಹೊತ್ತಿಗೆ ಮೂರಂಕಿಯ ಸ್ಟೇಟಸ್ ಜಾಗ ಹಿಡಿದಿತ್ತು. ಕೋಡ್ ಬರೆದು ಕಳಿಸೋರಿಗೆ ಇದೇ ದೊಡ್ಡ ಉಪಕಾರ. ಅಂಚೆ ಭಾಷೆಯಲ್ಲಿ ಹೇಳೋದಾದ್ರೆ, ಸಾದಾ ಪತ್ರ ಹಾಕ್ತಿದ್ದವರಿಗೆ ರಿಜಿಸ್ಟರ್ಡ್ ಪೋಸ್ಟಿನ ಜೊತೆ ವಾಪಸ್ ಬರ್ತಿದ್ದ ಆ ಅಕ್ನಾಲೆಜ್‌ಮೆಂಟ್ ಕಾರ್ಡು ಸಿಕ್ಕಿದ ಹಾಗೆ.

ಸರ್ನ್‌ನಲ್ಲಿ ಟಿಮ್ ಬರ್ನರ್ಸ್ ಲೀ ಮತ್ತು ಜೊತೆಯವರು ಸಿ ಭಾಷೆಯಲ್ಲಿ ಲಿಬ್‌ಡಬ್ಲ್ಯುಡಬ್ಲ್ಯುಡಬ್ಲ್ಯು ಅನ್ನೋ ಲೈಬ್ರರಿ ಬರೆದಿದ್ರು. ಬ್ರೌಸರ್ ಕಟ್ಟೋಕೆ ಅಂತ ಶುರುವಾದದ್ದು, ದೊಡ್ಡದು. ಪರ್ಲ್‌ನಲ್ಲೂ ಅದೇ ಹೆಸರಿನ ಲೈಬ್ರರಿ ಬಂತು. ಇವನ್ನೆಲ್ಲ ಬೇಗ ದಾಟಿ ಕರ್ಲ್‌ಗೆ ಬರ್ತೀನಿ, ಯಾಕಂದ್ರೆ ಅದರ ಹುಟ್ಟು ತುಂಬಾ ಸಣ್ಣದು, ಅದಕ್ಕೇ ಚೆಂದ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್‌ಗೆ ಒಂದು ಚಾಟ್ ಬಾಟ್ ಇತ್ತು. ಚಾಟ್‌ನಲ್ಲಿರೋರಿಗೆ ಕರೆನ್ಸಿ ದರ ಹೇಳ್ಬೇಕು ಅಂತ ಅವರ ಆಸೆ. ದರ ದಿನಾ ಒಂದು ವೆಬ್ ಪುಟದಲ್ಲಿ ಬರ್ತಿತ್ತು. ಅದನ್ನ ತಂದುಕೊಡೋ ಸಣ್ಣ ಪ್ರೋಗ್ರಾಂ ಬೇಕಿತ್ತು. ಬ್ರೆಜಿಲ್‌ನ ರಫಾಯೆಲ್ ಸಗುಲಾ 1996ರ ನವೆಂಬರ್‌ನಲ್ಲಿ ಬಿಟ್ಟ ಎಚ್‌ಟಿಟಿಪಿಗೆಟ್ ಸಿಕ್ತು, ಅದನ್ನೇ ತಿದ್ದಿದ್ರು. ಹೆಸರು ಯುಆರ್‌ಎಲ್‌ಗೆಟ್ ಆಯ್ತು, 1998ರ ಮಾರ್ಚ್ 20ಕ್ಕೆ ಕರ್ಲ್ ಆಯ್ತು. 2000ದ ಆಗಸ್ಟ್‌ನಲ್ಲಿ 7.1 ಆವೃತ್ತಿಯ ಜೊತೆ ಅದರ ಒಳಗಿನ ಯಂತ್ರವನ್ನ ಲಿಬ್‌ಕರ್ಲ್ ಅಂತ ಬೇರೆ ಮಾಡಿ ಕೊಟ್ರು. ಅಲ್ಲಿಂದಾಚೆ ಯಾವ ಪ್ರೋಗ್ರಾಂ ಬೇಕಾದ್ರೂ ಅದನ್ನ ಒಳಗೆ ಇಟ್ಕೋಬಹುದು. ಪಿಎಚ್‌ಪಿ ಬೇಗನೆ ಇಟ್ಕೊಂಡಿತು. ಇವತ್ತು ಫೋನು, ಕಾರು, ಟಿವಿ, ರೂಟರ್ ಎಲ್ಲ ಸೇರಿ ಸಾವಿರ ಕೋಟಿಗೂ ಮೀರಿ ಕಡೆ ಕರ್ಲ್ ಇದೆ ಅನ್ನೋದು ಸ್ಟೆನ್‌ಬರ್ಗ್ ಅವರದೇ ಅಂದಾಜು. ಡಾಲರಿಗೆ ಎಷ್ಟು ಕ್ರೋನ ಅಂತ ನೋಡೋಕೆ ಶುರುವಾದದ್ದು!

ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸೋದು ಒಂದು ಸೆಟ್ಟಿಂಗ್. ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದು ಅಸಲಿನಾ, ಅದರ ಮೇಲಿನ ಹೆಸರು ನಾನು ಕರೆದ ಹೆಸರೇನಾ ಅಂತ ಎರಡು ವಿಷಯ ನೋಡ್ಬೇಕು. ಹೆಸರು ನೋಡೋಕೆ ಲಿಬ್‌ಕರ್ಲ್‌ನಲ್ಲಿ ಒಂದು ಆಯ್ಕೆ ಇದೆ. ಅದಕ್ಕೆ 0 ಕೊಟ್ರೆ ನೋಡಲ್ಲ. 2 ಕೊಟ್ರೆ ಸರಿಯಾಗಿ ಹೋಲಿಸಿ ನೋಡುತ್ತೆ. ಸುಮ್ನೆ ಬಿಟ್ರೂ 2 ಅಂತಲೇ ಲೆಕ್ಕ. ಆಗ 1 ಅಂತಾನೂ ಒಂದಿತ್ತು: ಸರ್ಟಿಫಿಕೇಟಿನಲ್ಲಿ ಯಾವುದೋ ಒಂದು ಹೆಸರು ಇದೆಯಾ ಅಂತ ಮಾತ್ರ ನೋಡೋದು. ಪಿಎಚ್‌ಪಿ ಬರೆಯೋರು ಏನ್ ಮಾಡಿದ್ರು? ಭದ್ರತೆ ಬೇಕು ಅಂತ ಅಲ್ಲಿ ‘ಟ್ರೂ’ ಅಂತ ಬರೆದ್ರು. ಪಿಎಚ್‌ಪಿಯಲ್ಲಿ ಟ್ರೂ ಅಂಕಿಯಾದ್ರೆ 1. ಬಾಗಿಲಿಗೆ ಇನ್ನೊಂದು ಬೀಗ ಅಂತ ಹಾಕಿದ್ದು, ಇದ್ದ ಬೀಗವನ್ನೇ ತೆಗೆದಂಗಾಯ್ತು. 2012ರಲ್ಲಿ ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೌಸರ್ ಅಲ್ಲದ ಪ್ರೋಗ್ರಾಂಗಳು ಸರ್ಟಿಫಿಕೇಟನ್ನ ಹೇಗೆ ನೋಡ್ತವೆ ಅಂತ ಹುಡುಕಿದಾಗ, ಅಮೆಜಾನ್‌ನ ಪಾವತಿ ಲೈಬ್ರರಿಯಲ್ಲೇ ಈ ತಪ್ಪು ಸಿಕ್ತು. ಅದೇ ನವೆಂಬರ್‌ನಲ್ಲಿ ಬಂದ ಕರ್ಲ್ 7.28.1 ಆ 1ನ್ನ ಒಪ್ಪೋದೇ ನಿಲ್ಲಿಸ್ತು. ಇದನ್ನ ಪಿಎಚ್‌ಪಿಯವರ ದಡ್ಡತನ ಅಂತ ನಗೋರಿದ್ದಾರೆ. ನಾನು ಒಪ್ಪಲ್ಲ. ‘ಹೌದು’ ಅಂದ್ರೆ ‘ಅರ್ಧ ಹೌದು’ ಅಂತ ಅರ್ಥ ಆಗೋ ಕಡೆ ಎಡವಿದವರನ್ನ ಬೈದು ಏನು ಪ್ರಯೋಜನ?

2011 ಇನ್ನೊಂದು ತಿರುವು. ಆ ಹೊತ್ತಿಗೆ ಪೈಥಾನ್ 2ರಲ್ಲಿ ಪಾಸ್‌ವರ್ಡ್ ಕೇಳೋ ಒಂದು ಪುಟ ತರ್ಬೇಕು ಅಂದ್ರೆ ಪಾಸ್‌ವರ್ಡ್ ಮ್ಯಾನೇಜರ್ ಕಟ್ಟು, ಹ್ಯಾಂಡ್ಲರ್ ಕಟ್ಟು, ಓಪನರ್ ಕಟ್ಟು, ಆಮೇಲೆ ತೆರೆ. ಫೆಬ್ರವರಿಯಲ್ಲಿ ಕೆನೆತ್ ರೈಟ್ಜ್ ರಿಕ್ವೆಸ್ಟ್ಸ್ ಬಿಟ್ರು. ಅದೇ ಕೆಲಸ ಒಂದು ಸಾಲಿಗೆ ಇಳೀತು. ಮನುಷ್ಯರಿಗಾಗಿ ಮಾಡಿದ ಎಚ್‌ಟಿಟಿಪಿ ಅಂತಲೇ ಅದರ ಘೋಷಣೆ. ನಮ್ಮಲ್ಲಿ ಎಷ್ಟು ಜನ ಪೈಥಾನ್ ಕಲಿತದ್ದೇ ಅದರಿಂದ! ಅದೇ ವರ್ಷ ಪರ್ಲ್ 5.14 ತನ್ನೊಳಗೇ ಎಚ್‌ಟಿಟಿಪಿ ಟೈನಿ ಅನ್ನೋ ಪುಟ್ಟ ಲೈಬ್ರರಿ ಸೇರಿಸ್ಕೊಂಡಿತು.

‘ಹಗುರ’ ಅನ್ನೋ ಪದ ಇಲ್ಲಿ ಸ್ವಲ್ಪ ಮೋಸ ಮಾಡುತ್ತೆ. ರಿಕ್ವೆಸ್ಟ್ಸ್ ನಮ್ಮ ಕಣ್ಣಿಗೆ ಹಗುರ. ಅದರ ಬೆನ್ನ ಮೇಲೆ ಯುಆರ್‌ಎಲ್‌ಲಿಬ್3 ಇದೆ, ಸರ್ಟಿಫಿಕೇಟಿನ ಕಟ್ಟು ಇದೆ, ಅಕ್ಷರ ಗುರುತಿಸೋ ಲೈಬ್ರರಿ ಇದೆ. ಟೈನಿ ಗಾತ್ರದಲ್ಲೂ ಹಗುರವೇ, ಆದ್ರೆ ಸರ್ಟಿಫಿಕೇಟ್ ಪರೀಕ್ಷೆಯನ್ನ ತಾನಾಗಿ ಮಾಡ್ತಿರಲಿಲ್ಲ; 2023ರ ಪರ್ಲ್ 5.38ರವರೆಗೂ ಹಾಗೇ ಇತ್ತು. ಕರ್ಲ್ ಅದನ್ನ 2002ರಲ್ಲೇ ಡಿಫಾಲ್ಟ್ ಮಾಡಿತ್ತು. ಪೈಥಾನ್‌ನ ಸ್ವಂತ ಲೈಬ್ರರಿ 2014ರ ಕೊನೆಗೆ, 2.7.9ರಲ್ಲಿ ಮಾಡ್ತು. ಅಂದ್ರೆ ಭಾರ ಎಲ್ಲೂ ಮಾಯ ಆಗಿಲ್ಲ. ಕೆಲವು ಸಲ ಲೈಬ್ರರಿ ಹೊತ್ಕೊಂಡಿತು, ಕೆಲವು ಸಲ ಹೇಳದೆ ಕೇಳದೆ ನಮ್ಮ ಹೆಗಲಿಗೆ ದಾಟಿಸ್ತು.

ಹಾಗೆ ದಾಟಿದ ಭಾರಗಳಲ್ಲಿ ಟೈಮ್‌ಔಟ್ ಅತಿ ದೊಡ್ಡದು. ರಿಕ್ವೆಸ್ಟ್ಸ್‌ನಲ್ಲಿ ನೀವಾಗಿ ಹೇಳದಿದ್ರೆ ಟೈಮ್‌ಔಟ್ ಇಲ್ಲವೇ ಇಲ್ಲ. ಉತ್ತರ ಬರೋವರೆಗೂ ಕಾಯುತ್ತೆ, ಬರದಿದ್ರೆ ಕಾಯ್ತಾನೇ ಇರುತ್ತೆ. ಅದರ ದಾಖಲೆಯಲ್ಲೇ ಇದನ್ನ ಸ್ಪಷ್ಟವಾಗಿ ಬರೆದಿದ್ದಾರೆ. ದಾಖಲೆ ಓದೋರು ಯಾರು? ಆಮೇಲೆ ಬಂದ ಎಚ್‌ಟಿಟಿಪಿಎಕ್ಸ್ ತಾನಾಗೇ 5 ಸೆಕೆಂಡ್ ಇಟ್ಟಿದೆ. ನನ್ನ ಪ್ರಕಾರ ಸರಿಯಾದ ನಿರ್ಧಾರ ಅದೇ.

ಈಗ ಜೀಡಿಮೆಟ್ಲಾದ ಪೆಟ್ಟಿಗೆ ಪಕ್ಕ ನಿಂತು ಇದನ್ನ ಯೋಚನೆ ಮಾಡಿ. ಒಳಗೆ ಒಂದು ಸಣ್ಣ ಲಿನಕ್ಸ್, ಒಂದು ಸಿಮ್ ಹಾಕಿದ ಮೋಡೆಮ್ ಅಂತಿಟ್ಕೊಳ್ಳಿ. ರಾತ್ರಿ ಎರಡು ಗಂಟೆ. ರಿಕ್ವೆಸ್ಟ್ ಹೊರಟಿದೆ, ಮಧ್ಯದಲ್ಲಿ ಸಿಗ್ನಲ್ ಹೋಯ್ತು. ಕನೆಕ್ಷನ್ ಮುರೀತು ಅಂತ ಹೇಳೋ ಪ್ಯಾಕೆಟ್ ಕೂಡ ಬರಲ್ಲ. ಪ್ರೋಗ್ರಾಂ ಸತ್ತಿಲ್ಲ, ಎರರ್ ಕೊಟ್ಟಿಲ್ಲ, ಪೆಟ್ಟಿಗೆ ಮೇಲಿನ ಹಸಿರು ದೀಪ ಉರೀತಾ ಇದೆ. ಅದು ಬರದ ಉತ್ತರಕ್ಕೆ ಕಾಯ್ತಾ ಕೂತಿದೆ. ಎರಡೂಕಾಲರ ಅಳತೆ ಇಲ್ಲ, ಎರಡೂವರೆಯದು ಇಲ್ಲ, ಬೆಳಿಗ್ಗೆ ಯಾರೋ ಬಂದು ಸ್ವಿಚ್ ಆಫ್ ಮಾಡಿ ಆನ್ ಮಾಡೋವರೆಗೂ ಇಲ್ಲ.

ಮಂಡಳಿಯ ಪರದೆ ಮೇಲೆ ಏನು ಕಾಣುತ್ತೆ? ಖಾಲಿ ಸಾಲುಗಳು. ಆ ಖಾಲಿ ಸಾಲಿಗೆ ಕಾರಣ ಟೈಮ್‌ಔಟ್ ಬರೆಯದ ಕೋಡ್ ಇರಬಹುದು, ಸೆನ್ಸರ್ ಕೆಟ್ಟಿರಬಹುದು, ಕರೆಂಟ್ ಹೋಗಿರಬಹುದು, ಅಥವಾ ಶುದ್ಧ ಮಾಡದ ನೀರನ್ನ ಬಿಡೋಕೆ ಅಂತ ಯಾರೋ ಪ್ಲಗ್ ಕಿತ್ತಿರಬಹುದು. ನೆಟ್ಟಗಿರೋ ಕಾರ್ಖಾನೆಯೂ ಕಳ್ಳ ಕಾರ್ಖಾನೆಯೂ ಆ ಪರದೆ ಮೇಲೆ ಒಂದೇ ಥರ ಕಾಣ್ತವೆ. ನೆಟ್ಟಗಿರೋನಿಗೆ ನೋಟಿಸ್ ಬರುತ್ತೆ. ಕಳ್ಳನಿಗೆ ‘ನೆಟ್‌ವರ್ಕ್ ಪ್ರಾಬ್ಲಂ ಸಾರ್’ ಅಂತ ಹೇಳೋಕೆ ಒಂದು ನೆಪ ಸಿಗುತ್ತೆ. ಒಂದು ಸಾಲಿನಲ್ಲಿ ಬಿಟ್ಟುಹೋದ ಒಂದು ಅಂಕಿಗೆ ಇಷ್ಟು ಬೆಲೆ. ನಾಲಾ ಪಕ್ಕದಲ್ಲಿ ಮನೆ ಇರೋರಿಗಂತೂ ಆ ಖಾಲಿ ಸಾಲಿನಿಂದ ಏನೂ ತಿಳಿಯಲ್ಲ.

ಇನ್ನು ಉತ್ತರ ಬಂತು ಅಂತಿಟ್ಕೊಳ್ಳಿ. ಅದರಲ್ಲಿ ಏನಿದೆ ಅಂತ ನೋಡಿದ್ರಾ? 2015ರಲ್ಲಿ ಕ್ರೋಮ್‌ಗೆ, 2022ರಲ್ಲಿ ನೋಡ್ 18ಕ್ಕೆ ಬಂದ ಫೆಚ್ ಇದೆಯಲ್ಲ, ಅದಕ್ಕೆ 500 ಬಂದ್ರೂ ‘ಸರಿ, ಉತ್ತರ ಬಂತು’ ಅಂತಲೇ ಲೆಕ್ಕ, ಎರರ್ ಎಸೆಯಲ್ಲ. ರಿಕ್ವೆಸ್ಟ್ಸ್ ಕೂಡ ನೀವು ಕೇಳದ ಹೊರತು ಎಸೆಯಲ್ಲ. ಸಿಮ್‌ಕಾಮ್ ಮೋಡೆಮ್ ಬಳಸಿದವರಿಗೆ ಗೊತ್ತಿರುತ್ತೆ, ಅಲ್ಲಿ ಲೈಬ್ರರಿಯೇ ಮೋಡೆಮ್ ಒಳಗೆ ಕೂತಿರುತ್ತೆ: ಎಟಿ ಕಮಾಂಡ್ ಕೊಟ್ಟು ಎಚ್‌ಟಿಟಿಪಿ ಶುರು ಮಾಡೋದು, ವಿಳಾಸ ಕೊಡೋದು, ಕಳಿಸು ಅನ್ನೋದು. ಕಳಿಸು ಅಂದ ತಕ್ಷಣ ಬರೋ ಓಕೆ, ಸರ್ವರ್ ಕೊಟ್ಟ ಓಕೆ ಅಲ್ಲ. ಅದು ಮೋಡೆಮ್ ‘ಆಯ್ತು ಸ್ವಾಮಿ, ಕೇಳಿಸ್ಕೊಂಡೆ’ ಅಂದದ್ದು ಅಷ್ಟೇ. ನಿಜವಾದ ಮೂರಂಕಿ ಸ್ವಲ್ಪ ಹೊತ್ತಾದ ಮೇಲೆ ಬೇರೆ ಸಾಲಿನಲ್ಲಿ ಬರುತ್ತೆ. ಅದನ್ನ ಓದದವನು ಕಳಿಸಿದ ಡೇಟಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಟೈಮ್‌ಔಟ್ ಇಟ್ರಿ, ಸ್ಟೇಟಸ್ ನೋಡಿದ್ರಿ, ಈಗ ಮತ್ತೆ ಕಳಿಸ್ಬೇಕು. ಇಲ್ಲೂ ಒಂದು ಗಂಟು. ಉತ್ತರ ಬರಲಿಲ್ಲ ಅಂದ್ರೆ ಡೇಟಾ ತಲುಪಿಲ್ಲ ಅಂತ ಅರ್ಥ ಅಲ್ಲ. ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಪೋಸ್ಟ್ ಎರಡು ಸಲ ಹೋದ್ರೆ ಎರಡು ದಾಖಲೆ. ಅದಕ್ಕೇ ಯುಆರ್‌ಎಲ್‌ಲಿಬ್3 ತಾನಾಗಿ ಪೋಸ್ಟನ್ನ ಮರುಕಳಿಸೋ ಪಟ್ಟಿಗೆ ಸೇರಿಸಿಲ್ಲ. ಗೆಟ್, ಪುಟ್, ಡಿಲೀಟ್ ಇವೆ, ಪೋಸ್ಟ್ ಇಲ್ಲ. ಗೊತ್ತಿಲ್ಲದವರು ಮರುಪ್ರಯತ್ನ ಆನ್ ಮಾಡಿದ್ದೀನಿ ಅಂತ ಧೈರ್ಯವಾಗಿರ್ತಾರೆ. ದಾರಿ ಇಷ್ಟೇ: ಯಾವ ಕಾರ್ಖಾನೆ, ಯಾವ ಸೆನ್ಸರ್, ಯಾವ ಹೊತ್ತಿನ ಅಳತೆ, ಈ ಮೂರೂ ಸೇರಿ ಪ್ರತಿ ದಾಖಲೆಗೆ ಒಂದು ಗುರುತು. ಅದೇ ಗುರುತು ಎರಡನೇ ಸಲ ಬಂದ್ರೆ ಸರ್ವರ್ ಬದಿಗಿಡುತ್ತೆ.

ಇಷ್ಟೆಲ್ಲಾ ಯಾಕೆ, ಎಂಕ್ಯೂಟಿಟಿ ಇದೆಯಲ್ಲ ಅಂತ ಕೆಲವರು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನ ಮಾಡಿದ್ದೇ ಇಂಥ ಕೆಲಸಕ್ಕೆ: ಮರುಭೂಮಿಯ ಎಣ್ಣೆ ಪೈಪಿನ ಅಳತೆಯನ್ನ ಉಪಗ್ರಹದ ಮೂಲಕ ಕಳಿಸೋಕೆ. ತಲುಪಿದ್ದಕ್ಕೆ ರಸೀದಿ ಬೇಕಾ, ಒಂದೇ ಸಲ ತಲುಪಬೇಕಾ ಅನ್ನೋದು ಅಲ್ಲಿ ಪ್ರೋಟೋಕಾಲ್ ಒಳಗೇ ಇದೆ. ಆದ್ರೂ ಸರ್ಕಾರಿ ಸರ್ವರ್ ಮುಂದೆ ಗೆಲ್ಲೋದು ಎಚ್‌ಟಿಟಿಪಿ, ಯಾಕಂದ್ರೆ ಯಾವ ಫೈರ್‌ವಾಲ್ ಇದ್ರೂ ಆ ಬಾಗಿಲು ತೆರೆದಿರುತ್ತೆ, ಬರೆಯೋ ಹುಡುಗ ಹುಡುಗಿಯರೂ ಸುಲಭವಾಗಿ ಸಿಗ್ತಾರೆ. ಸುಲಭ ಅನ್ನೋದೂ ಒಂದು ಕಾರಣವೇ, ಅದನ್ನ ಕೀಳಾಗಿ ನೋಡಬೇಕಿಲ್ಲ.

ಹಾಗಾದ್ರೆ ಆ ಪೆಟ್ಟಿಗೆಯ ಕೋಡ್ ನಿಮ್ಮ ಕೈಗೆ ಬಂದ್ರೆ? ಲೈಬ್ರರಿ ಯಾವುದಾದ್ರೂ ಇರಲಿ. ಅಳತೆ ಬಂದ ಕೂಡಲೇ ಮೊದಲು ಪೆಟ್ಟಿಗೆಯ ಒಳಗೇ ಬರೆದಿಡಿ, ಆಮೇಲೆ ಕಳಿಸಿ, ಸರ್ವರ್‌ನ ಉತ್ತರ ಓದಿದ ಮೇಲೆ ಮಾತ್ರ ‘ಹೋಯ್ತು’ ಅಂತ ಗುರುತು ಹಾಕಿ. ಸೆನ್ಸರ್ ಉತ್ತರ ಕೊಡದಿದ್ರೆ ಹಳೇ ಅಂಕಿಯನ್ನೇ ಮತ್ತೆ ತುಂಬಬೇಡಿ. ‘ಸೆನ್ಸರ್ ಮೌನ’ ಅಂತಲೇ ಒಂದು ದಾಖಲೆ ಕಳಿಸಿ. ಹಾಗೆಯೇ ಕರೆಂಟ್ ಹೋಗಿ ಬಂದದ್ದು, ಮೋಡೆಮ್ ಮರುಚಾಲು ಆದದ್ದು, ಎಲ್ಲಕ್ಕೂ ಒಂದೊಂದು ಸಾಲು. ಆಗ ಖಾಲಿ ಜಾಗಕ್ಕೂ ಒಂದು ಕಾರಣ ಸಿಗುತ್ತೆ, ಪ್ಲಗ್ ಕಿತ್ತವನಿಗೆ ನೆಪ ಹುಡುಕೋದು ಕಷ್ಟ ಆಗುತ್ತೆ.

ಕೊನೆಯದಾಗಿ ಹೊತ್ತು. ಸಿಗ್ನಲ್ ಬೆಳಿಗ್ಗೆ ಏಳಕ್ಕೆ ವಾಪಸ್ ಬಂತು, ರಾತ್ರಿಯ ದಾಖಲೆಗಳೆಲ್ಲ ಒಟ್ಟಿಗೆ ಹೊರಟವು. ಎಷ್ಟೋ ಸರ್ವರ್ ಕೋಡ್‌ನಲ್ಲಿ ದಾಖಲೆ ಬಂದ ಹೊತ್ತನ್ನೇ ಅಳತೆಯ ಹೊತ್ತು ಅಂತ ಬರೆದಿರ್ತಾರೆ. ಹಾಗಾದ್ರೆ ರಾತ್ರಿ ಎರಡಕ್ಕೆ ನಾಲಾಗೆ ಬಿಟ್ಟ ನೀರು ಬೆಳಿಗ್ಗೆ ಏಳರ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ, ಯಾರ ಪಾಳಿಯಲ್ಲಿ ಬಿಟ್ಟದ್ದು ಅಂತ ಆಮೇಲೆ ಯಾರೂ ಹೇಳೋಕಾಗಲ್ಲ. ಅಳತೆಯ ಹೊತ್ತು ಪೆಟ್ಟಿಗೆಯಿಂದಲೇ ಬರಲಿ, ಬಂದ ಹೊತ್ತಿಗೆ ಇನ್ನೊಂದು ಕಾಲಂ ಇರಲಿ.

ಮುಂದಿನ ವಿಡಿಯೋದಲ್ಲಿ ಸೆನ್ಸರ್‌ನಿಂದ ಪೆಟ್ಟಿಗೆವರೆಗಿನ ತಂತಿಯ ಕಥೆ ಹೇಳ್ತೀನಿ: 1979ರಲ್ಲಿ ಮೋಡಿಕಾನ್ ಕಂಪನಿ ಬಿಟ್ಟ ಮಾಡ್‌ಬಸ್ ಇವತ್ತಿಗೂ ಜೀಡಿಮೆಟ್ಲಾದಂಥ ಕಡೆ ಯಾಕೆ ಓಡ್ತಾ ಇದೆ ಅಂತ.